ಶನಿವಾರದ ಬೆಂಕಿ

ವಾಸನೆಯಿಂದ ಹಳೆಯದೆಲ್ಲ ನೆನಪಾಯಿತು ಎಂದು ಬರೆಯುವವರನ್ನು ನಾನು ಎಂದೂ ನಂಬಿದವಳಲ್ಲ. ಬರೆಯಬೇಕೆಂದು ಮೊದಲೇ ತೀರ್ಮಾನಿಸಿ, ಆಮೇಲೆ ವಾಸನೆ ಹುಡುಕಿಕೊಳ್ಳುತ್ತಾರೆ ಎಂಬುದು ನನ್ನ ವಾದವಾಗಿತ್ತು. ಆದರೆ ಹೋದ ವಾರ ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರು ಪೆಟ್ಟಿಗೆಯ ಕೆಂಡವನ್ನು ಚರಂಡಿಯ ಪಕ್ಕಕ್ಕೆ ಸುರಿದು ಒಂದು ಚೊಂಬು ನೀರು ಹಾಕಿದರು. ಬುಸ್ಸೆಂದು ಹಬೆ ಎದ್ದಿತು. ಬಟ್ಟೆಯ ಗಂಟು ಕೈಯಲ್ಲಿ ಹಿಡಿದುಕೊಂಡು, ಕೊಡಬೇಕಾದದ್ದನ್ನು ಕೊಡದೆ, ಅಲ್ಲೇ ನಿಂತುಬಿಟ್ಟೆ. ಕೆಂಡ, ಬಿಸಿ ಕಬ್ಬಿಣ, ನೀರು. ಈ ಮೂರೂ ಕೂಡಿದರೆ ಅದು ಫಿಟ್ಟರ್ ತಾತನ ಅಂಗಿಯ ವಾಸನೆ...

ತಾತ ನಮಗೆ ನೆಂಟರಲ್ಲ. ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಹಿತ್ತಲ ಗೋಡೆಯ ಆಚೆ ಅವರ ಮನೆ. ರೈಲ್ವೆ ವರ್ಕ್‌ಶಾಪಿನಲ್ಲಿ ಬಾಯ್ಲರ್ ಫಿಟ್ಟರ್ ಆಗಿದ್ದರು. ಉಗಿ ಇಂಜಿನ್‌ಗಳ ಕಾಲ ಮುಗಿದ ಮೇಲೆ ಉಳಿದ ಸರ್ವಿಸನ್ನು ಬೇರೆ ಏನೇನೋ ಕೆಲಸದಲ್ಲಿ ಕಳೆದು ನಿವೃತ್ತರಾಗಿದ್ದರು. ಆಮೇಲೆ ಅವರ ಪಾಲಿಗೆ ಬಂದದ್ದು ಇಲವಾಲದ ಆಚೆಗಿನ ಪುಟ್ಟ ರೈಲು.

ಅಲ್ಲೊಂದು ಹೆಂಚಿನ ಕಾರ್ಖಾನೆಯಿತ್ತು. ಕೆರೆಯಂಗಳದಿಂದ ಜೇಡಿಮಣ್ಣು ತರಲು ಅದರ ಮಾಲೀಕರು ಹಿಂದೆ ಸಣ್ಣ ಹಳಿ ಹಾಕಿಸಿ, ಆನೆಮರಿಯಷ್ಟು ಎತ್ತರದ ಒಂದು ಉಗಿ ಇಂಜಿನ್ ಇಟ್ಟಿದ್ದರು. ಕಾರ್ಖಾನೆ ಮುಚ್ಚಿತು, ಹಳಿ ಉಳಿಯಿತು. ಊರಿನ ಕೆಲವು ಆಸಕ್ತರು ಸೇರಿ ಟ್ರಸ್ಟ್ ಮಾಡಿ, ಜಾಗವನ್ನು ಬಾಡಿಗೆಗೆ ಪಡೆದು, ಬೆಂಚು ಹಾಕಿದ ಮೂರು ಬೋಗಿ ಕಟ್ಟಿಸಿ, ಭಾನುವಾರ ಮಾತ್ರ ಓಡಿಸುತ್ತಿದ್ದರು. ಅಗ್ರಹಾರದಲ್ಲಿ ರೇಷ್ಮೆ ಅಂಗಡಿ ಇಟ್ಟಿದ್ದ, ಹಣೆ ತುಂಬ ವಿಭೂತಿಯ ಹಿರಿಯರೊಬ್ಬರು ಅಧ್ಯಕ್ಷರು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಕಾರ್ಯದರ್ಶಿ. ತಾತ ಸಂಬಳವಿಲ್ಲದ ಫಿಟ್ಟರು, ಸಂಬಳವಿಲ್ಲದ ಡ್ರೈವರು.

ನನ್ನನ್ನು ಅಲ್ಲಿಗೆ ಸೇರಿಸಿದ್ದು ತಾತನೇ. ನಾನಾಗ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಕಪ್ಪು ಗೆದ್ದು ತರುತ್ತಿದ್ದೆ. ಒಂದು ದಿನ ಗೋಡೆಯ ಆಚೆಯಿಂದ ತಲೆ ಹಾಕಿ ಅಂದರು, "ದುಡ್ಡಿಗೆ ಅರ್ಜಿ ಬರೀಬೇಕು ಕಣಮ್ಮ. ನಮ್ಗೆ ಇಂಜಿನ್ ಬಾಯಿ ಗೊತ್ತು, ಆಫೀಸಿನ ಬಾಯಿ ಗೊತ್ತಿಲ್ಲ. ನಿನ್ ಬಾಯಿ ನಮ್ಗೆ ಬೇಕು."

"ಎಲ್ಲಿಗೂ ಹೋಗದ ರೈಲಿಗೆ ಯಾರಾದರೂ ದುಡ್ಡು ಯಾಕೆ ಕೊಡಬೇಕು ತಾತ?" ಎಂದೆ.

"ನೀನು ಅಷ್ಟೊಂದು ಮಾತಾಡ್ತೀಯಲ್ಲ, ಅದು ಎಲ್ಲಿಗ್ ಓಗ್ತದೆ?"

ಉತ್ತರ ಹೊಳೆಯುವಷ್ಟರಲ್ಲಿ ತಲೆ ಗೋಡೆಯ ಕೆಳಗೆ ಇಳಿದಿತ್ತು. ಹೀಗೆ ಸೋತೇ ಆ ಟ್ರಸ್ಟಿಗೆ ಸೇರಿದೆ.

ಹುಣಸೂರು ರಸ್ತೆಯ ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಹೋಗುವಾಗ ಅವರು ನನಗೆ ಆ ರೈಲಿನ ಬಡತನವನ್ನು ಪಾಠ ಮಾಡಿದರು. ಇಂಜಿನ್‌ಗೆ ಪ್ರಯಾಣಿಕರ ಲೆಕ್ಕ ತಿಳಿಯುವುದಿಲ್ಲ. ದಸರೆಯಲ್ಲಿ ಬೋಗಿ ತುಂಬಿದರೂ ಆಷಾಢದಲ್ಲಿ ಒಂದೇ ಸಂಸಾರ ಬಂದರೂ ಕುಡಿಯುವ ನೀರು ಅಷ್ಟೇ, ತಿನ್ನುವ ಕಲ್ಲಿದ್ದಲು ಅಷ್ಟೇ. ಒಂದು ನಟ್ಟು ಹೋದರೆ ಅಂಗಡಿಯಲ್ಲಿ ಸಿಗುವುದಿಲ್ಲ, ಲೇತಿನಲ್ಲಿ ಹೊಸದಾಗಿ ಕಡೆಸಬೇಕು. ಒಳ್ಳೆ ಕಲ್ಲಿದ್ದಲು ಲಾರಿಗಟ್ಟಲೆ ಕೊಂಡರೆ ಮಾತ್ರ ಸಿಗುತ್ತದೆ. ನಮಗೆ ಬೇಕಾದದ್ದು ಮೂಟೆಗಟ್ಟಲೆ. ಹಳಿಯ ಕೆಳಗಿನ ಮರದ ದಿಮ್ಮಿ ಕೊಳೆಯುತ್ತದೆ. ವಿಮೆ ಕಟ್ಟಬೇಕು, ವರ್ಷಕ್ಕೊಮ್ಮೆ ಬಾಯ್ಲರ್ ಇನ್ಸ್‌ಪೆಕ್ಟರ್ ಬಂದು ನೋಡಿ ಸರ್ಟಿಫಿಕೇಟ್ ಕೊಡಬೇಕು. ಇಷ್ಟಕ್ಕೆಲ್ಲ ಇದ್ದ ಆದಾಯ ಟಿಕೆಟ್ಟೊಂದೇ. ಅದನ್ನು ಕೊಳ್ಳುವವರೋ, "ಇಷ್ಟುದ್ದ ಹೋಗಿ ವಾಪಸ್ ಬರೋದಕ್ಕೆ ಇಷ್ಟಾ? ಆಟೋನೇ ವಾಸಿ ಕಣ್ರೀ" ಎಂದು ಕಿಟಕಿಯಲ್ಲೇ ಚೌಕಾಸಿ ಮಾಡುತ್ತಿದ್ದರು.

ನಾನು ಅರ್ಜಿಗಳನ್ನು ಚೆನ್ನಾಗಿ ಬರೆದೆ. ಉತ್ತರಗಳೂ ಚೆನ್ನಾಗಿಯೇ ಬಂದವು. ಎಲ್ಲರಿಗೂ ಪರಂಪರೆಯ ಮೇಲೆ ಗೌರವವಿತ್ತು, ಯಾರಿಗೂ ಬಾಯ್ಲರಿನ ಒಂದು ಕೊಳವೆ ಕೊಡಿಸುವ ಮನಸ್ಸಿರಲಿಲ್ಲ. ಎರಡನೆಯ ವರ್ಷದ ಹೊತ್ತಿಗೆ ಟ್ರಸ್ಟಿನ ಹಣ ತಳ ಕಂಡಿತು. ಖರ್ಚು ಕಡಿಮೆ ಮಾಡುವ ದಾರಿ ಹುಡುಕಲು ಅಧ್ಯಕ್ಷರ ಅಂಗಡಿಯ ಮಹಡಿಯಲ್ಲಿ ಸಭೆ ಕರೆದರು. ನಾನು ತಯಾರಾಗಿ ಹೋದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಭಾನುವಾರ ಓಡುವ ಇಂಜಿನ್‌ಗೆ ತಾತ ಶನಿವಾರ ಮಧ್ಯಾಹ್ನವೇ ಬೆಂಕಿ ಹಾಕುತ್ತಿದ್ದರು. ಕಲ್ಲಿದ್ದಲಲ್ಲ, ಸರ್ವೆ ಸೌದೆ. ಸಣ್ಣ ಬೆಂಕಿ, ಹಾಲು ಕಾಯಿಸುವಷ್ಟು. ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಗಂಟೆಗೊಂದು ಸಲ ಬಾಯ್ಲರಿನ ಮೈಮೇಲೆ ಅಂಗೈ ಇಟ್ಟು ಹತ್ತು ಎಣಿಸುತ್ತಿದ್ದರು. ಎಣಿಸಿ ಮುಗಿಯುವ ಮೊದಲೇ ಕೈ ಸುಟ್ಟರೆ ಬೆಂಕಿ ಹೆಚ್ಚಾಯಿತೆಂದು ಒಂದು ಸೌದೆ ಹೊರಗೆಳೆಯುತ್ತಿದ್ದರು. ಬೆಳಗಿನವರೆಗೆ ಅದನ್ನು ಕಾಯಲು ಶನಿವಾರಕ್ಕೆಂದೇ ಒಬ್ಬ ಕಾವಲುಗಾರ. ಭಾನುವಾರ ಬೆಳಿಗ್ಗೆ ಬೆಚ್ಚಗಾದ ಇಂಜಿನ್‌ಗೆ ಕಲ್ಲಿದ್ದಲು.

ಒಂದು ಇಡೀ ದಿನದ ಸೌದೆ, ಒಂದು ದಿನದ ಕೂಲಿ, ಪ್ರತಿ ವಾರ. ಭಾನುವಾರ ನಸುಕಿನಲ್ಲೇ ಕಲ್ಲಿದ್ದಲು ಹಾಕಿ ಜೋರಾಗಿ ಉರಿಸಿದರೆ ಮೊದಲ ಟ್ರಿಪ್ಪಿನ ಹೊತ್ತಿಗೆ ಉಗಿ ಸಿದ್ಧವಾಗುವುದಾದರೆ ಈ ಖರ್ಚು ಯಾಕೆ? ಸಭೆಯಲ್ಲಿ ಹೀಗೆ ಕೇಳಿದೆ. ಸಿದ್ಧವಾಗುತ್ತದೋ ಇಲ್ಲವೋ ಎಂದು ತಾತನನ್ನೇ ಕೇಳಿದೆ.

"ಆಗ್ತದೆ," ಎಂದರು ತಾತ.

"ಮತ್ತೆ ಶನಿವಾರ ಯಾಕೆ ಹಚ್ಚಬೇಕು?"

"ಮೊದ್ಲಿಂದ ಅಂಗೇ ಮಾಡೋದು ಕಣಮ್ಮ."

"ಮೊದಲಿಂದ ಮಾಡುತ್ತಿದ್ದೇವೆ ಅನ್ನುವುದು ಅಭ್ಯಾಸ ತಾತ, ಕಾರಣವಲ್ಲ. ಕಾರಣ ಹೇಳಿ, ಒಪ್ಪುತ್ತೇನೆ."

ತಾತ ಮೇಜಿನ ಮೇಲೆ ಅಂಗೈ ಊರಿದರು. "ಕಬ್ಬಿಣಕ್ಕೆ ಅವಸರ ಆಗಲ್ಲ," ಎಂದರು ಕೊನೆಗೆ. ಅಷ್ಟೇ ಬಂದದ್ದು.

"ಕಬ್ಬಿಣಕ್ಕೆ ಅವಸರವಾಗಲ್ಲ ಅಂತ ಕಬ್ಬಿಣ ಹೇಳಿತಾ, ನೀವು ಹೇಳ್ತಿದ್ದೀರಾ?" ಎಂದೆ. ಮಹಡಿಯಲ್ಲಿದ್ದವರೆಲ್ಲ ನಕ್ಕರು. ತಾತನೂ ನಕ್ಕರು. "ಫಿಟ್ಟರೇ, ಹುಡುಗಿ ಕಟ್ಟಾಕ್ಬುಟ್ಳಲ್ಲ ನಿಮ್ಮನ್ನ," ಎಂದರು ಅಧ್ಯಕ್ಷರು. ಶನಿವಾರದ ಬೆಂಕಿಯನ್ನು ನಿಲ್ಲಿಸುವುದೆಂದು ಠರಾವಾಯಿತು.

ತಾತ ಠರಾವಿಗೆ ತಲೆಬಾಗಿದರು. ಸಭೆ ಹೇಳಿದ ಮೇಲೆ ಮುಗಿಯಿತು, ಅದು ಅವರ ವರ್ಕ್‌ಶಾಪಿನ ಶಿಸ್ತು. ನಸುಕಿನಲ್ಲಿ ಬಂದು ಉರಿ ಎಬ್ಬಿಸುತ್ತಿದ್ದರು. ರೈಲು ಓಡಿತು. ಉಳಿತಾಯವೂ ಆಯಿತು. ನಾನು ಅದನ್ನು ಎರಡು ಮೂರು ಸಲ ಅವರಿಗೇ ಹೇಳಿದ್ದೇನೆ... ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಕೆಲವು ತಿಂಗಳ ನಂತರ, ಒಂದು ಭಾನುವಾರ, ಬೆಂಕಿಗೂಡಿನೊಳಗೆ ಚುಂಯ್ ಎಂದು ಹನಿ ಬಿದ್ದ ಸದ್ದು ಕೇಳಿಸಿತು. ಅದೇನೆಂದು ಕೇಳಿದೆ. "ಬೆವರ್ತಾ ಅದೆ, ಬುಡು," ಎಂದರು. ವಾರದ ನಡುವೆ ಒಬ್ಬರೇ ಬಸ್ ಹತ್ತಿ ಹೋಗುವುದು, ಮೊಣಕೈ ತರಚಿಕೊಂಡು ಬರುವುದು ಆಗಲೇ ಶುರುವಾಗಿದ್ದು. ಬೆಂಕಿಗೂಡಿನೊಳಗೆ ತೂರಿ, ಸೋರುವ ಬಾಯ್ಲರ್ ಕೊಳವೆಗಳ ಬಾಯನ್ನು ಮತ್ತೆ ಬಿಗಿ ಮಾಡುತ್ತಿದ್ದರೆಂದು ನನಗೆ ತಿಳಿದದ್ದು ಇನ್ಸ್‌ಪೆಕ್ಟರ್ ಬಂದ ದಿನ.

ಆ ದಿನ ಬಾಯ್ಲರಿಗೆ ತಣ್ಣೀರು ತುಂಬಿ ಒತ್ತಡ ಕೊಟ್ಟರು. ಹತ್ತಾರು ಕೊಳವೆಗಳ ಬುಡದಿಂದ ನೀರು ಚಿಮ್ಮಿತು. ಅವು ಕೂತಿದ್ದ ದಪ್ಪ ತಗಡಿನಲ್ಲೇ ಬಿರುಕು. ಇನ್ಸ್‌ಪೆಕ್ಟರ್ ಒಳ್ಳೆಯವರು, ಮೃದು ಮಾತಿನವರು. ನನಗೆ ಅರ್ಥವಾಗುವ ಹಾಗೆ ವಿವರಿಸಿದರು. ಕೊಳವೆ ತೆಳು, ಬೇಗ ಕಾದು ಬೇಗ ಹಿಗ್ಗುತ್ತದೆ. ತಗಡು ದಪ್ಪ, ನಿಧಾನ. ತಣ್ಣಗಿದ್ದುದಕ್ಕೆ ಏಕಾಏಕಿ ಜೋರು ಬೆಂಕಿ ಕೊಟ್ಟರೆ ಎರಡೂ ಜಗಳವಾಡಿ ಕೂಡಿದ ಜಾಗ ಸಡಿಲವಾಗುತ್ತದೆ.

ಇದೇ ಕಾರಣ. ಅಂದು ಮಹಡಿಯಲ್ಲಿ ನಾನು ಕೇಳಿದ್ದ ಕಾರಣ.

ಇನ್ಸ್‌ಪೆಕ್ಟರ್ ತಾತನ ಕಡೆ ತಿರುಗಿ, "ಹೇಗೆ ಕಾಯಿಸ್ತಿದ್ರಿ ಯಜಮಾನ್ರೇ? ಬೆಳಿಗ್ಗೆನೇ ಒಂದೇ ಸಲ ಉರಿ ಹಾಕಿದ್ರಾ?" ಎಂದರು.

"ಇಲ್ಲ ಸಾರ್. ಶನಿವಾರನೇ ಸಣ್ಣಗೆ ಅಚ್ಚೋದು. ಮೊದ್ಲಿಂದ ಅಂಗೇ. ಟ್ಯೂಬು ಅಳೇವು ಸಾರ್, ವಯಸ್ಸಾಯ್ತು."

ನಾನು ಪಕ್ಕದಲ್ಲೇ ನಿಂತಿದ್ದೆ.

ವಾಪಸ್ ಬಸ್ಸಿನಲ್ಲಿ ಕೇಳಿದೆ, "ಸುಳ್ಳು ಯಾಕೆ ಹೇಳಿದ್ರಿ ತಾತ?"

"ಟ್ಯೂಬು ಅಳೇವೇ ಅಲ್ವಾ? ಅದ್ರಲ್ಲಿ ಸುಳ್ಳೆಲ್ಲಿ ಬಂತು?"

"ಶನಿವಾರ ಹಚ್ಚೋದು ಅಂದ್ರಲ್ಲ."

"ನೀನು ನ್ಯಾಯವಾಗೇ ಗೆದ್ದೆ ಕಣಮ್ಮ. ನಂಗೆ ಏಳಕ್ ಬರ್ಲಿಲ್ಲ, ಅಷ್ಟೇಯ. ನಾಳೆ ಅವ್ರೆಲ್ಲ ತಪ್ಪು ನಿನ್ ಮೇಲೆ ಆಕಿದ್ರೆ ಇನ್ನೊಂದ್ ಅರ್ಜಿ ಬರ್ಯೋರ್ ಯಾರು?"

ನಾನು ಇನ್ನೂ ಎಷ್ಟೋ ಅರ್ಜಿ ಬರೆದೆ. ಹೊಸ ಕೊಳವೆ, ಹೊಸ ತಗಡು, ಅದನ್ನು ಮಾಡಬಲ್ಲ ಹೊರರಾಜ್ಯದ ಕಾರ್ಖಾನೆಗೆ ಸಾಗಿಸುವ ಖರ್ಚು, ಎಲ್ಲ ಸೇರಿದರೆ ನಮ್ಮ ಟ್ರಸ್ಟ್ ಹುಟ್ಟಿದಾಗಿನಿಂದ ಮಾರಿದ ಎಲ್ಲ ಟಿಕೆಟ್ಟುಗಳೂ ಸಾಲುತ್ತಿರಲಿಲ್ಲ. ಓಡುವ ರೈಲಾದರೆ ಬೋಗಿಯ ಮೇಲೆ ನಮ್ಮ ಹೆಸರು ಬರೆಸಿ ದುಡ್ಡು ಕೊಡುತ್ತೇವೆ ಎಂದ ಕಂಪನಿಯಿತ್ತು. ಕೊಟ್ಟರೆ ತಾನೇ ಓಡುವುದು ಎಂದು ನಾನು ವಾದಿಸಿದೆ. ಓಡಿದರೆ ತಾನೇ ಕೊಡುವುದು ಎಂದು ಅವರು. ನಿಂತ ರೈಲಿಗೂ ನೆಲದ ಬಾಡಿಗೆ ನಿಲ್ಲಲಿಲ್ಲ.

ತಾತ ಮಾತ್ರ ಶನಿವಾರ ಹೋಗುವುದನ್ನು ಬಿಡಲಿಲ್ಲ. ಎಣ್ಣೆ ಹಚ್ಚಿ, ತುಕ್ಕು ಉಜ್ಜಿ, ಡಬ್ಬಿಯ ಊಟ ಮಾಡಿ ಬರುತ್ತಿದ್ದರು. ಪರೀಕ್ಷೆಯ ನೆಪ ಹೇಳಿ ನಾನು ಅವರ ಜೊತೆ ಹೋಗುವುದನ್ನು ನಿಲ್ಲಿಸಿದೆ... ಪರೀಕ್ಷೆ ಮುಗಿದ ಮೇಲೂ. ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಹೃದಯ ಎಂದರು ಡಾಕ್ಟರು.

ನನ್ನನ್ನು ನಾನೇ ಸಮರ್ಥಿಸಿಕೊಳ್ಳಬಲ್ಲೆ. ಕೊಳವೆಗಳು ನಿಜವಾಗಿಯೂ ಹಳೆಯವು. ಶನಿವಾರದ ಬೆಂಕಿ ಇದ್ದಿದ್ದರೂ ಇನ್ನೆಷ್ಟು ವರ್ಷ ಬಾಳುತ್ತಿದ್ದವು ಎಂದು ಯಾರೂ ಹೇಳಲಾರರು. ಹಣವಂತೂ ಹೇಗೂ ಮುಗಿಯುತ್ತಿತ್ತು. ಈ ವಾದವನ್ನು ಬೇರೆ ಯಾರಾದರೂ ಮಂಡಿಸಿದರೆ, ಕಂಡದ್ದನ್ನು ಕಾಣೆನೆಂದು ಹೇಳಲು ಒಳ್ಳೆಯ ಉಪಾಯ ಎಂದು ನಾನೇ ಎದ್ದು ಹೇಳುತ್ತಿದ್ದೆ.

ಮೊನ್ನೆ ಭಾನುವಾರ ಅದೇ ಮಹಡಿಯಲ್ಲಿ ಟ್ರಸ್ಟಿನ ಕೊನೆಯ ಸಭೆ. ಹಳಿ ಕಿತ್ತು ಗುಜರಿಗೆ ಹಾಕಿ ಬಾಕಿ ಬಾಡಿಗೆ ತೀರಿಸುವುದು, ಇಂಜಿನ್ನನ್ನು ಒಂದು ಹೋಟೆಲಿನ ಬಾಗಿಲಲ್ಲಿ ನಿಲ್ಲಿಸಲು ಕೊಡುವುದು. ಯಾರಿಗಾದರೂ ಹೇಳುವುದಿದೆಯೇ ಎಂದು ಅಧ್ಯಕ್ಷರು ಕೇಳಿದರು. ಎದ್ದು ನಿಂತೆ. ಶನಿವಾರದ ಬೆಂಕಿ ನಿಲ್ಲಿಸಿದ್ದರಿಂದ ಬಾಯ್ಲರ್ ಕೆಟ್ಟಿತು, ನಿಲ್ಲಿಸಿದ್ದು ನನ್ನ ವಾದ, ಇದನ್ನು ನಡಾವಳಿಯಲ್ಲಿ ಬರೆಯಿರಿ ಎಂದೆ.

ಕಾರ್ಯದರ್ಶಿಗಳ ಪೆನ್ನು ನಿಂತಿತು. "ಅಜೆಂಡಾದಲ್ಲಿ ಇಲ್ವಲ್ಲ ಕಣಮ್ಮ," ಎಂದರು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ಫಿಟ್ಟರು ಇನ್ಸ್‌ಪೆಕ್ಟರ್ ಮುಂದೆ ಟ್ಯೂಬಿಗೆ ವಯಸ್ಸಾಯ್ತು ಅಂತ ಹೇಳಿ ಸಹಿ ಹಾಕವ್ರೆ. ಈಗ ಇದನ್ನ ಬರೆದ್ರೆ, ಸತ್ತೋರು ಸುಳ್ಳು ಹೇಳಿದ್ರು ಅಂತ ಬರೆದಂಗಾಗ್ತದೆ. ನಿಂಗೆ ಅದು ಬೇಕಾ ತಾಯಿ? ಬುಡು."

ಕೂತೆ. ಕಾರ್ಯದರ್ಶಿಗಳು "ಕೊಳವೆಗಳ ವಯಸ್ಸಿನ ಕಾರಣದಿಂದ" ಎಂದು ಬರೆದು, ಪುಸ್ತಕವನ್ನು ಸಹಿಗಾಗಿ ಕೈಯಿಂದ ಕೈಗೆ ದಾಟಿಸಿದರು. ಪ್ರತಿ ಸಭೆಯಲ್ಲೂ ನನ್ನ ಸಹಿಯ ಮೇಲಿನ ಗೆರೆ ತಾತನದು. ಅದನ್ನು ಖಾಲಿ ಬಿಟ್ಟು, ಕೆಳಗೆ ಸಹಿ ಹಾಕಿ, ಪುಸ್ತಕವನ್ನು ಪಕ್ಕದವರಿಗೆ ಕೊಟ್ಟೆ.