ಸಿಲಿಂಡರಿನ ಬಾಯಿ, ಕ್ರೇಟಿನ ಅಡಿ

ಗೆಳೆಯರೇ, ಮುಳಬಾಗಿಲಿನ ನನ್ನ ಲೇತ್ ಅಂಗಡಿಗೆ ಇವತ್ತು ಬೈರಕೂರಿನ ಟೊಮೇಟೊ ಬೆಳೆಗಾರರೊಬ್ಬರು ಟ್ರ್ಯಾಕ್ಟರ್ ಎಂಜಿನ್ನನ್ನೂ ಹೊಸ ಪಿಸ್ಟನ್ನುಗಳನ್ನೂ ತಂದಿಳಿಸಿದರು.

"ಅಳತೆ ನಾನೇ ನೋಡಿದೀನಮ್ಮಾ. ಸುಮ್ನೆ ಪಿಸ್ಟನ್ ಹಾಕ್ಕೊಡು."

ಅವರು ಅಳೆದದ್ದು ಸಿಲಿಂಡರಿನ ಬಾಯನ್ನು ಮಾತ್ರ. ಪಿಸ್ಟನ್ನಿನ ರಿಂಗು ಅಲ್ಲಿಯವರೆಗೆ ಬರುವುದೇ ಇಲ್ಲ. ರಿಂಗು ಉಜ್ಜಿ ಸಿಲಿಂಡರು ಸವೆಯುವುದು ಅದರ ಕೆಳಗೆ. ಒಳಗೆ ಗೇಜು ಇಳಿಸಿ ನೋಡದೆ ಪಿಸ್ಟನ್ ಮುಟ್ಟುವುದಿಲ್ಲ ಎಂದೆ.

"ನನ್ ಮಾತ್ ಮೇಲೆ ನಂಬ್ಕೆ ಇಲ್ವಾ?"

"ಅಣ್ಣಾ, ನಿಮ್ ಕ್ರೇಟಲ್ಲಿ ಮೇಲಿರೋಂಥ ಹಣ್ಣೇ ಅಡೀಲೂ ಇರುತ್ತಾ?"

ಅವರು ನಕ್ಕರು. "ಅಡೀವರ್ಗೂ ನೋಡಮ್ಮಾ. ಕ್ರೇಟಿನ ವಿಷ್ಯ ಮಾತ್ರ ಯಾರ್ಗೂ ಹೇಳ್ಬೇಡ."

ಮೇಲೆ, ನಡುವೆ, ಕೆಳಗೆ ಅಳೆದೆ. ಚೆನ್ನಾಗಿಯೇ ಸವೆದು ಅಗಲವಾಗಿತ್ತು, ತಂದ ಪಿಸ್ಟನ್ನುಗಳು ಅದಕ್ಕೆ ಸಣ್ಣವಾಗಿ ವಾಪಸ್ಸು ಹೋದವು.

ಕ್ರೇಟಿನ ವಿಷಯ ನಾನು ಯಾರಿಗೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಅಷ್ಟೇ.