ಗಂಗವ್ವನ ಈಜುಕೊಳ

ಬೇಸಿಗೆಗೆಂದು ಅವತ್ತೇ ಬಾಗಿಲು ತೆರೆದಿದ್ದ ಕಮಲಾಪುರದ ಈಜುಕೊಳದ ನೀರು ಪರೀಕ್ಷಿಸಲು ಕಲಬುರಗಿಯಿಂದ ಹೋಗಿದ್ದೆ. ನೀರು ಸರಿಯಿಲ್ಲದಿದ್ದರೆ ಗೇಟಿಗೆ ಬೀಗ ಹಾಕಿ ಬರಬೇಕೆಂದು ಸಾಹೇಬರ ಹುಕುಂ.

ಬಾಟಲಿ ತುಂಬಿ ಬಿಸಿಲಿಗೆ ಹಿಡಿದೆ. ಪರೀಕ್ಷೆಯ ಔಷಧ ಹಾಕುವ ಮೊದಲೇ ನೀರು ಹಳದಿ! ಕೊಳದ ಮೇಲೆ ಚೆಂಡುಹೂಗಳು ನಿದ್ದೆಯಲ್ಲಿದ್ದಂತೆ ತೇಲುತ್ತಿದ್ದವು. ಅವುಗಳ ಸುತ್ತ ಬೆಳಕು ತೂಗಾಡುವುದನ್ನು ನೋಡುತ್ತ, ಬಂದ ಕೆಲಸವನ್ನೇ ಮರೆತು ನಿಂತೆ.

ಕಡೆಗೆ, ದಂಡೆಯ ಮೇಲೆ ಮೊಮ್ಮಕ್ಕಳ ಜೊತೆ ಕೂತಿದ್ದ ಮುದುಕಿಯನ್ನು ಕೇಳಿದೆ, "ಇದರಾಗ ಏನ್ ಹಾಕೀರಿ?"

"ಅರಿಷಿಣ ರೀ. ಗಂಗವ್ವನ ಪೂಜಿ ಮಾಡದೇ ಹುಡುಗರನ್ನ ಹ್ಯಾಂಗ ನೀರಿಗಿಳಸೋದು?"

ಪಕ್ಕದಲ್ಲಿದ್ದ ಬುರ್ಖಾದ ಹೆಣ್ಣುಮಗಳು ಗಾಬರಿಯಾದಳು. "ಹೂವ ನಾವು ತಂದದ್ದು ಸಾಬ್. ಬಂದ್ ಮಾಡಬ್ಯಾಡ್ರಿ. ಈ ಬಿಸಲಾಗ ಮಕ್ಕಳು ಮತ್ತೆಲ್ಲಿ ಹೋಗಬೇಕ್ರೀ?"

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. "ಪೂಜಿ ಒಂದು ಕೊಡದ ನೀರಿಗೆ ಮಾಡ್ರಿ, ಕೊಳಕ್ಕ ಬ್ಯಾಡ" ಅಂದೆ.

ಮುದುಕಿ ಕೊಡ ತುಂಬಿ ತಂದು ಅರಿಶಿಣದ ಬಟ್ಟಲನ್ನು ನನ್ನ ಮುಂದೆಯೇ ಹಿಡಿದಳು. "ಹಂಗಾದ್ರ ಮೊದಲ ನೀವೇ ಹಚ್ಚರಿ."

ಬೆರಳಿಂದ ಕೊಡಕ್ಕೆ ಹಚ್ಚಿದೆ. ಸಂಜೆಯವರೆಗೆ ಫಿಲ್ಟರ್ ಓಡಿಸಿದ ಮೇಲೆ ಎರಡನೇ ಬಾಟಲಿ ಪಾಸಾಯಿತು. ಬೀಗ ಚೀಲದಲ್ಲೇ ಉಳಿಯಿತು.

ಕಲಬುರಗಿಯ ಶಹಾಬಜಾರದ ಮನೆಗೆ ಬಂದಾಗ ಹೆಂಡತಿ ನನ್ನ ಹಳದಿ ಬೆರಳುಗಳನ್ನೇ ನೋಡಿದಳು.

"ನೀರು ನೋಡಾಕ ಹೊಂಟೀನಿ ಅಂದಿದ್ರಿ. ಖರೇ ಹೇಳ್ರಿ, ಯಾರ ಮದುವಿಗೆ ಹೋಗಿದ್ರಿ?"