ಮುಡಿಯುವ ಫ್ಲವರ್, ಕಲಸುವ ಫ್ಲವರ್

ಶಾಲೆಗೆ ಬಂದ ಅಧಿಕಾರಿ ‘ಫ್ಲವರ್ ಅಂದರೇನು?’ ಎಂದು ಕೇಳಿದಾಗ ಆರನೇ ತರಗತಿಯ ಮಾದೇವಿ ಎದ್ದು ನಿಂತು, ‘ಯಾವ ಫ್ಲವರ್ ಸಾ? ಮುಡ್ಕೊಳದಾ, ಕಲ್ಸದಾ?’ ಎಂದು ತಿರುಗಿ ಕೇಳಿದಳು. ಅವರು ನಗುತ್ತ ಎರಡನ್ನೂ ಬರೆಯಲು ಹೇಳಿದರು. ಹೂವಿನ ಸ್ಪೆಲ್ಲಿಂಗ್ ಬೇರೆ, ಹಿಟ್ಟಿನದು ಬೇರೆ. ಎರಡನ್ನೂ ತಪ್ಪಿಲ್ಲದೆ ಬರೆದಳು.

ಲೊಕ್ಕನಹಳ್ಳಿ ಕಡೆಯ ಆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು ನಾನು. ಒಂದೇ ಸದ್ದಿನ ಈ ಪದಗಳನ್ನು ವಾರಗಟ್ಟಲೆ ಹೇಳಿಕೊಟ್ಟರೂ ಯಾರ ತಲೆಗೂ ಹತ್ತಿರಲಿಲ್ಲ. ಅಧಿಕಾರಿ ನನ್ನನ್ನು ಹೊಗಳಲು ತೊಡಗಿದ್ದೇ ತಡ, ಮಾದೇವಿ ‘ಮಿಸ್ ಅಲ್ಲ ಸಾ, ಅಡ್ಗೆ ಅಕ್ಕ ಏಳ್ಕೊಟ್ಟಿದ್ದು’ ಎಂದುಬಿಟ್ಟಳು. ನನ್ನ ಹೊಟ್ಟೆ ಉರಿದುಹೋಯಿತು.

ಅಧಿಕಾರಿ ಹೊರಟ ಮೇಲೆ ನೇರ ಬಿಸಿಯೂಟದ ಕೋಣೆಗೆ ನುಗ್ಗಿ, ‘ನಿಮಗ್ಯಾಕೆ ಪಾಠದ ಉಸಾಬರಿ?’ ಎಂದೆ. ಅಡುಗೆಯ ಪುಟ್ಟಮ್ಮ ಗಾಬರಿಯಿಂದ ಸೆರಗಿಗೆ ಕೈ ಒರೆಸಿಕೊಂಡರು.

‘ನಂಗೇನ್ ಗೊತ್ತಿತ್ತು ಮಿಸ್ಸಮ್ಮ? ನೀವು ಬೋರ್ಡ್ ಮ್ಯಾಲೆ ಬರ್ಯದ ಕಿಟ್ಕೀಲಿ ನೋಡ್ಕಂಡು ಕಲ್ತಿದ್ದು. ಒಂದ್ ಕೈಲಿ ಊವ, ಇನ್ನೊಂದ್ರಲ್ಲಿ ರಾಗಿ ಇಟ್ಟು ಇಡ್ಕಂಡು ಮಕ್ಳಿಗೆ ತೋರ್ಸ್ದೆ, ಅಷ್ಟೇಯ.’

ನಾನು ಬರೀ ಬೋರ್ಡ್ ಮೇಲೆ ಬರೆದಿದ್ದೆ, ಕೈಯಲ್ಲಿ ಏನನ್ನೂ ಹಿಡಿದು ತೋರಿಸಿರಲಿಲ್ಲ. ಮರುದಿನ ನಾನೇ ಅವರನ್ನು ತರಗತಿಗೆ ಕರೆದೆ. ಮಕ್ಕಳು ಅವರ ಅಂಗೈಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನನ್ನನ್ನು ಎಂದೂ ಹಾಗೆ ನೋಡಿದ್ದಿಲ್ಲ.

ಈಗ ಪುಟ್ಟಮ್ಮ ವಾರಕ್ಕೊಮ್ಮೆ ತರಗತಿಗೆ ಬರುತ್ತಾರೆ, ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಕಲಿಸುವುದು ಹೇಗೆಂದು ಅವರಿಂದಲೇ ಕಲಿಯುತ್ತಿದ್ದೇನೆ. ಹೊಟ್ಟೆಕಿಚ್ಚು ಮಾತ್ರ, ಸುಳ್ಳು ಯಾಕೆ ಹೇಳಲಿ, ಇನ್ನೂ ಪೂರ್ತಿ ಆರಿಲ್ಲ.